ನಾಲ್ಕನೇ ಜ್ವರ

"ಬುದ್ಧೀ, ಈಗಿನ ಮಕ್ಕಳಿಗೆ ಯಾಕೆ ಇಷ್ಟೊಂದು ಗಾಬರಿ?" ಅಂತ ಗಿರಿಜೇಶ ಕೇಳ್ದ.

ಗುರುಗಳು ಮಠದ ಜಗಲಿ ಮೇಲೆ ಕೂತು ನೆನೆಸಿದ ಅವರೆಕಾಳು ಹಿಚುಕ್ತಾ ಇದ್ರು. ತಲೆ ಎತ್ತಲಿಲ್ಲ.

"ಯಾವ ಮಕ್ಕಳಿಗೆ? ಲೋಕದ ಮಕ್ಕಳಿಗೋ, ನಿನ್ನ ಮಗಳಿಗೋ?"

"ಎಲ್ಲಾ ಮಕ್ಕಳಿಗೂ ಬುದ್ಧಿ."

"ಹಂಗಾದ್ರೆ ಟೀವೀಲಿ ಕೇಳ್ಕೋ ಹೋಗು. ಲೋಕಕ್ಕೆಲ್ಲ ಉತ್ತರ ಹೇಳೋರು ಅಲ್ಲಿ ಕೋಟು ಹಾಕ್ಕೊಂಡು ಕೂತಿರ್ತಾರೆ."

ಗಿರಿಜೇಶ ದಾರಿಗೆ ಬಂದ. ಮಗಳು ಸಿಂಚನ ಎರಡನೇ ಪಿಯುಸಿ. ಪರೀಕ್ಷೆ ಹತ್ರ ಬಂದಿದೆ. ಅವಳಿಗೆ ಊಟ ಸೇರಲ್ಲ. ಕೈ ಬೆವರುತ್ತೆ, ಎದೆ ಹೊಡ್ಕೊಳುತ್ತೆ. ಪುಸ್ತಕ ಬಿಚ್ಕೊಂಡು ಅಲ್ಲಾಡ್ದೆ ಕೂತಿರ್ತಾಳೆ. ಡಾಕ್ಟರು ನೋಡಿ, ಕಾಯಿಲೆ ಏನಿಲ್ಲ, ಆತಂಕ ಅಂದ್ರು. ಈಗ ಪರೀಕ್ಷೆನೇ ಬರೆಯಲ್ಲ ಅಂತ ಕೂತಿದಾಳೆ. ಮನೇಲಿ ಮಾತು ಬಿಟ್ಟಿದಾಳೆ.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಬುದ್ಧಿ?"

"ನಿಮ್ಮ ಕಾಲದಲ್ಲಿ ನೀನು ಇಂಗ್ಲಿಷಲ್ಲಿ ಫೇಲಾಗಿ ಇದೇ ಜಗಲಿ ಮೇಲೆ ಗೊರಕೆ ಹೊಡೀತಿದ್ದೆ. ನಿಮ್ಮಪ್ಪಂಗೆ ನೀನು ಯಾವ ಕ್ಲಾಸು ಅನ್ನೋದೇ ಗೊತ್ತಿರ್ಲಿಲ್ಲ."

ಅಷ್ಟರಲ್ಲಿ ಗಿರಿಜೇಶನ ಜೇಬಲ್ಲಿ ಫೋನು ಗುಂಯ್ ಅಂತು. ಅವನು ತೆಗೆದು ನೋಡಿ ಒಳಗಿಟ್ಟ.

"ಯಾರು?"

"ಯಾರೂ ಅಲ್ಲ ಬುದ್ಧಿ. ಸಿಂಚನ ಓದೋ ಟೇಬಲ್ ಮೇಲ್ಗಡೆ ಒಂದು ಕ್ಯಾಮೆರಾ ಹಾಕ್ಸಿದೀನಿ. ಅವಳು ಎದ್ರೆ ಫೋನಲ್ಲಿ ಗೊತ್ತಾಗುತ್ತೆ. ಪಾಪ, ಒಬ್ಳೇ ಇರ್ತಾಳಲ್ಲ."

"ಒಳ್ಳೇದು," ಅಂದ್ರು ಗುರುಗಳು. ಆಮೇಲೆ ಕತೆ ಶುರು ಮಾಡಿದ್ರು.

ಒಬ್ಬ ರೇಷ್ಮೆ ಹುಳ ಸಾಕೋನಿದ್ದ.

ರೇಷ್ಮೆ ಹುಳಕ್ಕೆ ಗೂಡು ಕಟ್ಟೋಕೆ ಮುಂಚೆ ನಾಲ್ಕು ಸಲ ಜ್ವರ ಬರುತ್ತೆ. ಸಾಕೋರು ಅದನ್ನ ಹಂಗೇ ಕರೆಯೋದು. ಜ್ವರ ಅಂದ್ರೆ ಮೈ ಕಾಯೋದಲ್ಲ, ಪೊರೆ ಬಿಡೋ ಹೊತ್ತು. ಆವಾಗ ಹುಳ ಹಿಪ್ಪುನೇರಳೆ ಸೊಪ್ಪು ಮುಟ್ಟಲ್ಲ. ತಲೆ ಎತ್ಕೊಂಡು ಕಲ್ಲಿನ ಹಂಗೆ ಕೂರುತ್ತೆ. ನೋಡಿದೋರಿಗೆ ಸತ್ತೇ ಹೋಯ್ತು ಅನ್ಸುತ್ತೆ. ಆದ್ರೆ ಕೂರೋಕೆ ಮುಂಚೆ ಅದು ಒಂದು ಕೆಲಸ ಮಾಡಿರುತ್ತೆ. ಬಾಯಿಂದ ಒಂದೆಳೆ ನೂಲು ಬಿಟ್ಟು ತನ್ನ ಹಿಂಗಾಲನ್ನ ಸಾಕೋ ತಟ್ಟೆಗೆ ಕಟ್ಕೊಂಡಿರುತ್ತೆ. ಹಳೇ ಚರ್ಮ ತಟ್ಟೆಗೆ ಕಚ್ಕೊಂಡು ನಿಲ್ಲುತ್ತೆ, ಹುಳ ಅದರೊಳಗಿಂದ ಮುಂದಕ್ಕೆ ನಡ್ಕೊಂಡು ಆಚೆ ಬರುತ್ತೆ. ಆ ಎಳೆ ಕಿತ್ತೋದ್ರೆ ಚರ್ಮ ಕಳಚಲ್ಲ.

ಅದಕ್ಕೇ ಆ ಊರಲ್ಲಿ ಹುಳ ಜ್ವರಕ್ಕೆ ಕೂತ್ರೆ ಹುಳದ ಮನೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸ್ತಿದ್ರು. ಸೊಪ್ಪು ಕಂಡ್ರೆ ಯಾರೂ ಒಳಗೆ ಹೋಗಂಗಿಲ್ಲ. ಊರ ಗೌಡನೂ ಹೋಗಂಗಿಲ್ಲ, ಸಾಕಿದೋನೂ ಹೋಗಂಗಿಲ್ಲ.

ಮೊದಲ ಮೂರು ಜ್ವರದಲ್ಲಿ ನಮ್ಮ ಮನುಷ್ಯನಿಗೆ ಆ ಹುಳದ ಮೇಲೆ ಅಂಥ ಆಸೆ ಏನಿರ್ಲಿಲ್ಲ. ಸೊಪ್ಪು ಸಿಕ್ಕಿಸಿ ಹೋಗಿ ಇಸ್ಪೀಟಾಡ್ತಿದ್ದ. ಹುಳ ತಮ್ಮ ಪಾಡಿಗೆ ತಾವು ಪೊರೆ ಬಿಟ್ಟು ಎದ್ವು. ನಾಲ್ಕನೇ ಜ್ವರದ ಹೊತ್ತಿಗೆ ಹುಳ ದಪ್ಪ ಆಗಿದ್ವು. ನೋಡಿದೋರೆಲ್ಲ, "ಏನಯ್ಯಾ, ಈ ಸಲ ಊರಿಗೇ ನಿಂದು ಫಸ್ಟು" ಅಂದ್ರು. ಅಲ್ಲಿಗೆ ಇಸ್ಪೀಟು ನಿಂತೋಯ್ತು. ಬಾಗಿಲ ಮುಂದೆ ಚಾಪೆ ಹಾಕ್ಕೊಂಡು ಕೂತ.

ಪಕ್ಕದ ಮನೆಯೋನು ಆ ದಾರೀಲಿ ಬಂದ. "ನಮ್ಮವು ಎದ್ದು ಸೊಪ್ಪು ತಿಂತಾ ಅವೆ. ನಿಮ್ಮವು?" ಅಂತ ಕೇಳಿ ಹೋದ.

ಪಕ್ಕದೋರ ಹುಳ ಮೊಟ್ಟೆ ಒಡೆದಿದ್ದೇ ಒಂದು ದಿನ ಮುಂಚೆ. ಇವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದು ಯಾರಿಗೆ ಏನು ಉಪಯೋಗ ಆಗಿದೆ ಹೇಳು. ಬೇವಿನ ಸೊಪ್ಪು ಕಿತ್ತು ಬಿಸಾಕಿ ಒಳಗೆ ಹೋದ. ದೀಪ ಹಚ್ಚಿ ಹಿಡ್ದ. ಹುಳ ಅಲ್ಲಾಡ್ಲಿಲ್ಲ. ಊದಿದ. ಅಲ್ಲಾಡ್ಲಿಲ್ಲ. ಬೆರಳಲ್ಲಿ ತಿವಿದ.

ಹೆಂಡ್ತಿ ಓಡಿ ಬಂದು ಹೊಸಲಲ್ಲೇ ನಿಂತ್ಲು. "ಯಾಕಯ್ಯಾ ತಿವೀತಿದೀಯ? ಜ್ವರಕ್ಕೆ ಕೂತವೆ."

"ಸುಮ್ನೆ ಕೂತವೆ ಕಣೇ. ಪಕ್ಕದೋರವು ಆಗ್ಲೇ ತಿಂತಾ ಅವಂತೆ."

"ಪಕ್ಕದೋನ ಹೆಂಡ್ತಿ ಹೆತ್ಲು ಅಂತ ನಾನೂ ಅವತ್ತೇ ಹೆರಬೇಕಿತ್ತಾ? ಬಾ ಆಚೆಗೆ."

"ನಿಂಗೆ ಹುಳದ ಮೇಲೆ ಕಾಳಜಿ ಇಲ್ಲ. ನಂಗಿದೆ."

ತೋಟಕ್ಕೆ ಹೋಗಿ ಎಳೇ ಸೊಪ್ಪು ಕೊಯ್ಕೊಂಡು ಬಂದ. ಹೊಸ ತಟ್ಟೇಲಿ ಹರಡಿದ. ಹಳೇ ತಟ್ಟೆಯಿಂದ ಒಂದೊಂದೇ ಹುಳ ಎತ್ತಿ ಹೊಸ ಸೊಪ್ಪಿನ ಮೇಲೆ ಬಿಟ್ಟ. ಒರಟಾಗಿ ಎತ್ಲಿಲ್ಲ. ಮೆತ್ತಗೆ, ಎರಡು ಬೆರಳಲ್ಲಿ, ಹೂವು ಬಿಡಿಸೋ ಹಂಗೆ ಎತ್ತಿದ. ಒಂದೊಂದು ಎತ್ತಿದಾಗ್ಲೂ ಒಂದೊಂದು ಎಳೆ ಕಿತ್ತೋಗ್ತಿತ್ತು. ಅಷ್ಟು ಸಣ್ಣ ಸದ್ದು ಮನುಷ್ಯನ ಕಿವಿಗೆ ಬೀಳಲ್ಲ.

ತುಂಬಾ ಹುಳ ಅರ್ಧ ಪೊರೆ ಒಳಗೇ ಸಿಕ್ಕಾಕ್ಕೊಂಡು ಸತ್ವು. ಸಾಯೋವರೆಗೂ ಎಳೇ ಸೊಪ್ಪು ಬಾಯಿ ಮುಂದೇನೇ ಇತ್ತು. ಮಿಕ್ಕವು ಹೆಂಗೋ ಎದ್ವು. ಆದ್ರೆ ಬಾಗಿಲು ಕಿರ್ ಅಂದ್ರೆ ಸಾಕು, ತಲೆ ಎತ್ತಿ ಬೆಚ್ಚೋವು. ಗೂಡು ಕಟ್ಟಲಿ ಅಂತ ಚಂದ್ರಿಕೆ ಅನ್ನೋ ಬಿದಿರಿನ ತಟ್ಟಿ ಮೇಲೆ ಬಿಟ್ರೆ ಒಂದು ಕಡೆ ನಿಲ್ಲಲಿಲ್ಲ. ಸುತ್ತಿ ಸುತ್ತಿ ನೂಲೆಲ್ಲ ದಾರೀಲೇ ಚೆಲ್ಲಿದ್ವು. ಕಟ್ಟಿದ ಗೂಡಾದ್ರೂ ಎಂಥದ್ದು? ಬೆಳಕಿಗೆ ಹಿಡಿದ್ರೆ ಒಳಗೆ ಮುದುರಿಕೊಂಡಿದ್ದ ಹುಳ ಕಾಣ್ತಿತ್ತು.

ಆ ಮನುಷ್ಯ ಅಂಥದ್ದೊಂದು ಗೂಡು ಕೈಲಿ ಹಿಡ್ಕೊಂಡು ಬೀದಿಗೆ ಬಂದ. "ನಾನೇನು ಕಮ್ಮಿ ಮಾಡಿದೀನಿ ಹೇಳಿ. ಈಗಿನ ಕಾಲದ ಹುಳಕ್ಕೆ ತಾಕತ್ತೇ ಇಲ್ಲ ಕಣ್ರೀ" ಅಂದ.

ಊರೋರೂ ಗೂಡನ್ನ ಬೆಳಕಿಗೆ ಹಿಡ್ದು ನೋಡಿ, ಹೌದೌದು ಅಂದ್ರು.

ಗುರುಗಳು ಕತೆ ನಿಲ್ಸಿದ್ರು.

ಗಿರಿಜೇಶನಿಗೆ ಸಮಾಧಾನ ಆಗ್ಲಿಲ್ಲ. "ಹುಳ ಚೆನ್ನಾಗಿ ಗೂಡು ಕಟ್ಟಿದ್ರೂ ಕೊನೆಗೆ ಕುದಿಯೋ ನೀರಿಗೇ ತಾನೆ ಬುದ್ಧಿ ಹಾಕೋದು?"

"ಹೂಂ. ಆದ್ರೆ ಹುಳಕ್ಕೆ ಆ ವಿಷ್ಯ ಯಾರೂ ಮುಂಚೇನೇ ಹೇಳಲ್ಲ. ಮಕ್ಕಳಿಗೆ ನಾವು ಎಲ್‌ಕೆಜಿಯಿಂದಾನೇ ಹೇಳ್ತಾ ಬರ್ತೀವಿ."

"ನಾನು ಅವನ ಹಂಗಲ್ಲ ಬುದ್ಧಿ," ಅಂದ ಗಿರಿಜೇಶ. "ಸಿಂಚನಾಗೆ ಒಂದೇಟು ಹೊಡ್ದಿಲ್ಲ, ಒಂದು ಮಾತು ಬೈದಿಲ್ಲ. ಅವಳಿಗೆ ತೊಂದ್ರೆ ಆಗ್ಬಾರ್ದು ಅಂತ ಅವಳ ರೂಮಿಗೇ ಕಾಲಿಡಲ್ಲ."

ಫೋನು ಗುಂಯ್ ಅಂತು.

ಗಿರಿಜೇಶನ ಕೈ ತಾನಾಗೇ ಜೇಬಿಗೆ ಹೋಯ್ತು. ಅರ್ಧ ಆಚೆ ಬಂದು ಅಲ್ಲೇ ನಿಂತ್ಕೊಂತು. ಗುರುಗಳು ಒಂದು ಅವರೆಕಾಳು ಹಿಚುಕಿ, ಸಿಪ್ಪೆ ಪಕ್ಕಕ್ಕೆ ಹಾಕಿ, ಮೊದಲ ಸಲ ಅವನ ಮುಖ ನೋಡಿದ್ರು.

"ನೋಡ್ಕೊಳಪ್ಪಾ, ಎದ್ತಾ ಹುಳ?"