ಕೈ ಎಟುಕದ ಜಾಗ

"ಗುರುಗಳೇ, ಎಂದೂ ವಾಸಿಯಾಗದ ರೋಗಕ್ಕೆ ಮದ್ದು ಕೊಡುವ ವೈದ್ಯ ಏನು ಕಂಡು ಹೆಮ್ಮೆಪಡಬೇಕು?" ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಭಲೇ! ನಾಡಿ ಹಿಡಿಯಲು ಬರುವ ಮೊದಲೇ ಹೆಮ್ಮೆಯ ಚಿಂತೆ ಹತ್ತಿತೇ ನಿನಗೆ? ಕೂತುಕೋ, ಒಬ್ಬ ಬಳೆಗಾರ್ತಿಯ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಊರೂರು ತಿರುಗಿ ಬಳೆ ಇಡುವ ಹೆಂಗಸು ಅವಳು. ಎಂಥ ಬಿಗಿ ಬಳೆಯನ್ನೂ ನೋವಾಗದಂತೆ ಏರಿಸುತ್ತಿದ್ದಳು. ಅದೇ ಅವಳ ಅನ್ನ, ಅದೇ ಅವಳ ಜಂಬ. ಐವತ್ತರ ಹತ್ತಿರ ಬಂದಾಗ ಅವಳಿಗೆ ಮೈತುರಿಕೆ ಹತ್ತಿತು. ಜೊತೆಗೆ ಎಷ್ಟು ಮಲಗಿದರೂ ಹೋಗದ ಸುಸ್ತು. ತುರಿಸಿ ತುರಿಸಿ ಮುಂಗೈಯೆಲ್ಲ ಗಾಯವಾಯಿತು. ಅದನ್ನು ಕಂಡ ಒಂದೂರಿನ ಗೌಡತಿ ಬಳೆಗೆಂದು ಚಾಚಿದ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಬಳೆಗಾರ್ತಿಗೆ ಕಜ್ಜಿ ಎಂದು ಸುತ್ತಲ ಊರೆಲ್ಲ ಗುಲ್ಲಾಯಿತು. ಕೈ ಕೊಡುವವರೇ ಇಲ್ಲದ ಮೇಲೆ ಅವಳು ಎಲ್ಲಿಯ ಬಳೆಗಾರ್ತಿ? ಪಾಪ, ಬೇವಿನೆಣ್ಣೆ ಹಚ್ಚಿದಳು, ಮುಲಾಮು ಹಚ್ಚಿದಳು. ಒಬ್ಬ ವೈದ್ಯ ಚರ್ಮಕ್ಕೆ ಮದ್ದು ಕೊಟ್ಟ. ಇನ್ನೊಬ್ಬ, ಎಲ್ಲ ನಿನ್ನ ಮನಸ್ಸಿನ ಭ್ರಮೆ ಎಂದು ಸಾಗಹಾಕಿದ. ಥೂ, ಅದೂ ಒಂದು ವೈದ್ಯವೇ!

ಮೂರನೆಯವಳು ಪೇಟೆಯ ಆಸ್ಪತ್ರೆಯ ವೈದ್ಯೆ. ಅವಳು ಬೆನ್ನು ನೋಡಿದಳು. ಮೈತುಂಬ ಉಗುರಿನ ಗೀರು. ಬೆನ್ನಿನ ನಡುವೆ, ಕೈ ಎಟುಕದ ಜಾಗದಲ್ಲಿ ಮಾತ್ರ, ಚರ್ಮ ನುಣ್ಣಗಿತ್ತು. ಗಾಯ ತುರಿಸಿದ್ದರಿಂದ ಆದದ್ದು, ತುರಿಕೆ ಒಳಗಿನದು ಎಂದು ಅವಳಿಗೆ ಹೊಳೆಯಿತು. ರಕ್ತ ಪರೀಕ್ಷೆ ಮಾಡಿಸಿದಳು.

"ತಾಯಿ, ಕೆಟ್ಟಿರುವುದು ಚರ್ಮವಲ್ಲ, ಲಿವರ್. ಮೈ ಕಾಯಬೇಕಾದ ಶಕ್ತಿಯೇ ಅಲ್ಲಿನ ಪಿತ್ತನಾಳಗಳನ್ನು ಹಗೆಯೆಂದು ತಿಳಿದು ಕೆಡಿಸುತ್ತಿದೆ. ಪಿತ್ತ ಸರಾಗವಾಗಿ ಹರಿಯದೆ ಮೈ ತುರಿಸುತ್ತಿದೆ. ಇದು ಯಾರಿಗೂ ಅಂಟುವುದಿಲ್ಲ."

"ವಾಸಿಯಾಗುತ್ತದೆಯೇ?"

"ಪೂರ್ತಿ ಹೋಗುವುದಿಲ್ಲ. ತುರಿಕೆಗೆ ಒಂದು ಪುಡಿ ಕೊಡುತ್ತೇನೆ. ಲಿವರ್ ಉಳಿಸಿಕೊಳ್ಳಲು ಈ ಮಾತ್ರೆಯನ್ನು ಬದುಕಿರುವಷ್ಟು ಕಾಲ, ದಿನ ತಪ್ಪದೆ ನುಂಗಬೇಕು."

ಬಳೆಗಾರ್ತಿ ಗಳಗಳನೆ ಅತ್ತಳು. ತನ್ನ ಮಾತನ್ನು ಕೊನೆಗೊಬ್ಬರು ನಂಬಿದರಲ್ಲ ಎಂದು ಅವಳಿಗೆ ಸಮಾಧಾನದ ಅಳು ಒತ್ತರಿಸಿ ಬಂದಿತ್ತು.

ದಿನ ಕಳೆದಂತೆ ತುರಿಕೆ ತಗ್ಗಿತು, ಗಾಯ ಮಾಗಿತು. ಸುಸ್ತು ಮಾತ್ರ ಅಷ್ಟಿಷ್ಟು ಉಳಿಯಿತು. ಅವಳು ಬಳೆಯ ಮಲಾರ ಹೆಗಲಿಗೇರಿಸಿ ನೆಟ್ಟಗೆ ಗೌಡತಿಯ ಜಗಲಿಗೇ ಹೋದಳು. ಎಂಥ ಎದೆಗಾರಿಕೆ ನೋಡು!

"ರೋಗ ಹೋಯಿತೇನೇ?" ಎಂದಳು ಗೌಡತಿ.

ಹೋಯಿತು ಎಂದಿದ್ದರೆ ವ್ಯಾಪಾರ ಸಲೀಸಾಗುತ್ತಿತ್ತು. ಬಳೆಗಾರ್ತಿ ತಲೆ ತಗ್ಗಿಸಲಿಲ್ಲ.

"ಹೋಗಿಲ್ಲ ಅವ್ವಾರೇ, ಹೋಗೋದೂ ಇಲ್ಲ. ದಿನಾ ಮಾತ್ರೆ ನುಂಗಿ ಅದನ್ನ ಹದ್ದುಬಸ್ತಿನಲ್ಲಿ ಇಟ್ಟಿದೀನಿ. ಅಂಟೋ ರೋಗ ಅಲ್ಲ. ನಂಬಿಕೆ ಇದ್ರೆ ಕೈ ಕೊಡಿ, ಇಲ್ಲಾಂದ್ರೆ ಮುಂದಿನ ಮನೆಗೆ ಹೋಗ್ತೀನಿ."

ಗೌಡತಿ ಕೂತು ಎರಡೂ ಕೈ ಚಾಚಿದಳು. ಬಳೆಗಾರ್ತಿ ಹಸಿರು ಬಳೆ ಏರಿಸಿದಳು. ಒಂದೂ ಒಡೆಯಲಿಲ್ಲ.

ಶಿಷ್ಯ ಪಟ್ಟು ಬಿಡಲಿಲ್ಲ. "ಆದರೂ ಗುರುಗಳೇ, ರೋಗ ಉಳಿದೇಬಿಟ್ಟಿತಲ್ಲ?"

ಗುರುಗಳು ಹೇಳಿದರು: "ಹೌದಯ್ಯಾ, ಇಪ್ಪತ್ತು ವರ್ಷದಿಂದ ಉಳಿದಿದೆ, ಅವಳೂ ಉಳಿದಿದ್ದಾಳೆ."