ಪೈಪ್ ಒಲ್ಲೆನೆಂದ ರ‍್ಯಾಚೆಟ್

ಹಿಡಿ ಉದ್ದವಾಗಲೆಂದು ಅದಕ್ಕೆ ಪೈಪ್ ತೊಡಿಸಿಕೊಂಡು ಶಕ್ತಿ ಮೀರಿ ತಿರುಗಬಾರದು ಎಂಬುದು ಆ ಗ್ಯಾರೇಜಿನ ಉಪಕರಣಗಳ ನಿಯಮ. ಲಾರಿ ಚಕ್ರದ ತುಕ್ಕು ಹಿಡಿದ ನಟ್ಟಿನ ಮುಂದೆ ಒಬ್ಬೊಬ್ಬರಾಗಿ ಆ ನಿಯಮವನ್ನು ಮುರಿದರು. ಸ್ಪ್ಯಾನರ್ ಪೈಪ್ ತೊಟ್ಟು ಬಾಗಿತು. ಚಿಕ್ಕ ರ‍್ಯಾಚೆಟ್ ಪೈಪ್ ತೊಟ್ಟಿತು. ಅದರ ಹೊಟ್ಟೆಯೊಳಗೆ ತಿರುಗುವ ಪುಟ್ಟ ಚಕ್ರದ ಹಲ್ಲುಗಳು ಕಟಕ್ಕೆಂದು ಮುರಿದವು.

"ಇನ್ನು ಯಾರಪ್ಪಾ?" ಎಂದು ನಟ್ಟು ನಕ್ಕಿತು.

ಪೈಪ್ ಈಗ ಗೋಡೆಯ ಮೊದಲ ಮೊಳೆಯಲ್ಲಿ ಮೆರೆಯುವ ದೊಡ್ಡ ರ‍್ಯಾಚೆಟ್ಟಿನತ್ತ ಉರುಳಿತು. "ಅಣ್ಣಾ, ನಿನ್ನದು ಮೊಳದುದ್ದದ ಹಿಡಿ. ನಾನೂ ಸೇರಿದರೆ ಆ ನಟ್ಟಿನ ಅಪ್ಪನೂ ತಿರುಗುತ್ತಾನೆ!"

"ಹಿಡಿ ಉದ್ದವಾದರೆ ಹಲ್ಲು ಗಟ್ಟಿಯಾಗುತ್ತದೇನು? ಸಡಿಲಾದ ನಟ್ಟನ್ನು ಸರಸರ ಬಿಚ್ಚುವುದು ನನ್ನ ಕೆಲಸ. ಅಲುಗದ್ದನ್ನು ಅಲುಗಿಸುವುದು ಮೂಲೆಯಲ್ಲಿರುವ ಕಬ್ಬಿಣದ ರಾಡಿನ ಕೆಲಸ."

"ಆ ಬೊಚ್ಚುಬಾಯಿ ಮುದುಕನಿಗೆ ಬಿಟ್ಟುಕೊಡ್ತೀಯಾ? ಮೊದಲ ಮೊಳೆಯ ಮರ್ಯಾದೆ ಅವನ ಪಾಲಾಗುತ್ತೆ, ನೋಡ್ಕೋ!"

"ಆಗಲಿ. ಹಲ್ಲೇ ಇಲ್ಲದವರಿಗೆ ಹಲ್ಲು ಮುರಿಯುವ ಭಯವಿಲ್ಲ," ಎನ್ನುತ್ತಾ ದೊಡ್ಡ ರ‍್ಯಾಚೆಟ್ ನಟ್ಟನ್ನು ಕಚ್ಚಿ ಹಿಡಿಯುವ ತನ್ನ ಸಾಕೆಟ್ಟನ್ನು ಕಳಚಿ ರಾಡಿಗೆ ತೊಡಿಸಿತು. "ಮೊದಲು ನೀವು ದಯಮಾಡಿಸಿ, ಅಜ್ಜ," ಎಂದು ಪಕ್ಕಕ್ಕೆ ಸರಿದು ನಿಂತಿತು.