ತಾಸು ತಡವಾಗಿ ನೋಡಿದ ಗೆರೆ

"ನೀವೂ ಒಮ್ಮೆ ರಕ್ತ ತೋರಿಸ್ಕೊಂಡು ಬರ್ರಿ. ಹಸಗೊಂಡು ಹೋಗಬ್ಯಾಡ್ರಿ, ಉಂಡು ಹೋಗ್ರಿ."

ನೀಲವ್ವ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಎಚ್‌ಐವಿ ಆಕೆಯನ್ನು ಅರ್ಧ ತಿಂದಿತ್ತು. ಉಳಿದರ್ಧ ಕ್ಷಯ ತಿಂದಿತು. ಏನಾಗಿತ್ತೆಂದು ಊರವರು ಕೇಳಿದಾಗ ಗಂಡ ಅಡಿವೆಪ್ಪ ಕಾಮಣಿ ಅಂದ, ಕಾಮಾಲೆಯೆಂದು ಸುಳ್ಳು ಹೇಳಿದ.

ಮೂರು ತಿಂಗಳು ಕಳೆದವು. ಆಸ್ಪತ್ರೆಗೆ ಹೋಗಲು ಕಾಲು ಬರಲಿಲ್ಲ. ದೂರದ ಪೇಟೆಯ ಅಂಗಡಿಯಲ್ಲಿ, ಮನೆಯಲ್ಲೇ ರಕ್ತ ನೋಡಿಕೊಳ್ಳುವ ಪಟ್ಟಿ ಕೊಂಡು ತಂದ. ಅಂಗಡಿಯವ ತಿಳಿಸಿ ಹೇಳಿದ್ದ. ಒಂದು ಗೆರೆಯಾದರೆ ರೋಗದ ಗುರುತಿಲ್ಲ. ಎರಡಾದರೆ ಆಸ್ಪತ್ರೆಯಲ್ಲಿ ಖಾತ್ರಿ ಮಾಡಿಸಬೇಕು. ಕಾಲು ತಾಸಿಗೆ ನೋಡಬೇಕು. ತಡವಾದರೆ ಲೆಕ್ಕಕ್ಕಿಲ್ಲ.

ಮನೆಯಲ್ಲಿ ರಕ್ತ ಹಾಕಿ ನೋಡಿದ ಮೇಲೆ ಆ ಪಟ್ಟಿಯನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಅವನು ಹೊಳೆದಂಡೆಯ ಮಠಕ್ಕೆ ಬಂದ. ಅವನಿಗೆ ಲಿಂಗದೀಕ್ಷೆ ಕೊಟ್ಟ ಅಜ್ಜಾರು ಬಿಸಿಲಲ್ಲಿ ಕೂತು ವಿಭೂತಿ ಉಂಡಿ ಹೊರಳಿಸುತ್ತಿದ್ದರು.

"ಎಷ್ಟು ಗೆರಿ ಅದಾವ ನೋಡ್ರಿ, ಅಜ್ಜಾರ," ಎಂದು ಅಡಿವೆಪ್ಪ ಪಟ್ಟಿ ಚಾಚಿದ.

"ನನ್ನ ಕಣ್ಣಿಗೆ ನೀನ ಇಬ್ಬರಾಗಿ ಕಾಣಸ್ತೀ. ನಿನಗೆಷ್ಟು ಕಾಣತಾವ?"

"ಒಂದು ಢಾಳಾಗಿ ಐತ್ರಿ. ಇನ್ನೊಂದು, ಐತಿ ಅಂದ್ರ ಐತಿ, ಇಲ್ಲಂದ್ರ ಇಲ್ಲ."

"ಯಾವಾಗ ನೋಡಿದಿ?"

"ರಕ್ತ ಹಾಕಿ ಜಗಲಿ ಮ್ಯಾಲ ಇಟ್ಟೆ. ಲಿಂಗಪೂಜಿಗೆ ಕುಂತೆ. ಪೂಜಿ ಮುಗಿಸಿ ನೋಡಿದೆ."

"ದಿನಾ ನಿನ್ನ ಪೂಜಿಗೆ ಎಷ್ಟೊತ್ತು?"

ಅಡಿವೆಪ್ಪ ನೆಲ ನೋಡಿದ. "ಚಹಾ ಕುದಿಯೋ ಅಷ್ಟೊತ್ತು."

"ಅವತ್ತು?"

"ಒಂದು ತಾಸಿನ ಮ್ಯಾಲಾತು."

"ಅಬ್ಬಬ್ಬಾ! ಇಪ್ಪತ್ತು ವರ್ಷದಾಗ ಒಂದ ದಿನ ಭಕ್ತಿ ಉಕ್ಕಿತು ನೋಡು!"

ಅಡಿವೆಪ್ಪನ ಕಿವಿ ಕೆಂಪಾದವು.

"ಅಷ್ಟೊತ್ತು ಏನ ಬೇಡಿದಿ?" ಅಜ್ಜಾರ ಕೈ ಉಂಡಿಯ ಮೇಲೇ ಇತ್ತು.

"ಎರಡು ಗೆರಿ ಬಂದ್ರ ಅಕಿಗೆ ನಾನ ಕೊಟ್ಟಂಗಾತು. ಲಾರಿ ಹೊಡಕೊಂಡು ಎಲ್ಲೆಲ್ಲೋ ತಿರುಗಿದಾವ ನಾನು. ಅದಕ್ಕ ಒಂದ ಬರಲಿ ಅಂತ ಬೇಡಿದೆ."

"ಮತ್ತ?"

ಅಡಿವೆಪ್ಪ ಪಟ್ಟಿಯನ್ನು ಅಂಗೈಯಲ್ಲಿ ಮಗುಚಿದ. ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸಪ್ಪಳ ಕೇಳುತ್ತಿತ್ತು.

"ತಪ್ಪು ಅಕಿದ ಆಗಲಿ ಅಂತ ಬೇಡಿದೆ, ಅಜ್ಜಾರ. ಲಿಂಗ ಅಂಗೈಯಾಗ ಹಿಡಕೊಂಡು, ನನ್ನ ತಪ್ಪು ಸತ್ತಾಕಿ ಮ್ಯಾಲ ಹಾಕಿದೆ."

ಅಜ್ಜಾರು ಬೈಯಲಿಲ್ಲ. ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡರು. ಬದಿಯಲ್ಲಿದ್ದ ಒಲೆಯ ಬೂದಿ ಕೆದರಿ, ಅದನ್ನು ಒಳಗಿಟ್ಟು, ಮೇಲೆ ಬೂದಿ ಎಳೆದರು.

"ಹಂಗಾದ್ರ ರೋಗ ಇಲ್ಲೇನ್ರಿ?"

"ಐತಿ ಅಂದಿಲ್ಲ. ಇಲ್ಲ ಅಂದಿಲ್ಲ. ಹೊತ್ತು ಮೀರಿದ್ದಕ್ಕ ಬಾಯಿ ಇಲ್ಲ. ನಾಳೆ ದವಾಖಾನಿಗೆ ನಡಿ."

"ಅಲ್ಲಿ ಕೇಳ್ತಾರ, ಹೆಂಡತಿ ಏನಾಗಿ ತೀರಿಕೊಂಡ್ಲು ಅಂತ."

"ಕೇಳಲಿ. ನಾನೂ ಬರತೀನಿ."

ಮರುದಿನ ಮುಂಜಾನೆ ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋದರು. ಅಜ್ಜಾರು ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಸಿಸ್ಟರ್ ಬಾಗಿಲು ಮುಚ್ಚಿ, ಹೆಸರು ಬರೆದುಕೊಂಡು, ಕೇಳಿಯೇ ಕೇಳಿದಳು.

ಅಡಿವೆಪ್ಪನ ಬಾಯಿಗೆ ಬಂದದ್ದು ಕಾಮಣಿಯೇ. ಅದನ್ನು ನುಂಗಿದ.

"ಎಚ್‌ಐವಿ ಇತ್ರಿ ಅಕಿಗೆ," ಅಂದ. "ಯಾರಿಗೂ ಹೇಳಿಲ್ಲ."

"ನಾನೂ ಹೇಳೂದಿಲ್ಲ," ಅಂದಳು ಸಿಸ್ಟರ್. "ಬಳ್ಳು ಕೊಡ್ರಿ."

ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದುಕೊಂಡಳು. ಹೊತ್ತಾದ ಕೂಡಲೇ ಕರೆಯುತ್ತೇನೆ ಎಂದು ಹೊರಗೆ ಕಳಿಸಿದಳು. ಅವನು ಬಂದು ಅಜ್ಜಾರ ಬದಿಗೆ ಕೂತ. ಕಾಲು ತಾಸಿಗೆ ಸಿಸ್ಟರ್ ಬಾಗಿಲು ತೆಗೆದಳು.

"ಅಡಿವೆಪ್ಪ, ಒಳಗ ಬರ್ರಿ."

ಅವನು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದ.

"ನೀವ ಹೋಗಿ ಕೇಳಿ ಬರ್ರಿ, ಅಜ್ಜಾರ."

"ಅದು ನನ್ನ ರಕ್ತ ಅಲ್ಲೋ, ತಮ್ಮಾ. ಅಕಿದೂ ಅಲ್ಲ. ಏಳು."